ಕಾರ್ಬೋರೇಟರ್ ಬಿಚ್ಚದನ ಕ್ಲೀನಿಂಗ್ ಚಾರ್ಜ್ ಹಾಕಿದ್ದರ ಬಗ್ಗೆ ದೂರು

ಕಸ್ಟಮರ್ ಕೇರ್ ಮ್ಯಾನೇಜರ್ ಅವರಿಗೆ,

ನಮಸ್ಕಾರ ರೀ. ಫೋನಿನ್ಯಾಗ ನಿಮ್ಮ ಕನ್ನಡ ಕಸ್ಟಮರ್ ಕೇರಿನವರು ಎಲ್ಲಾ ವಿವರ ಬರದು ಮೇಲ್ ಮಾಡ್ರಿ ಅಂದ್ರು, ಅದಕ್ಕ ಬರಿಯಾಕತ್ತೀನಿ. ನಂದು 2017ರ ಮಾಡೆಲ್ 150 ಸಿಸಿ ಬೈಕ್, ಕಾರ್ಬೋರೇಟರ್ (ಪೆಟ್ರೋಲ್ ಮತ್ತ ಗಾಳಿ ಕಲಸಿ ಇಂಜಿನ್ನಿಗೆ ಕೊಡೋ ಭಾಗ) ಇರೋದು. ಅಪ್ಪಾರಿಗೆ ಆರಾಮಿಲ್ಲ ಅಂತ ಧಾರವಾಡಕ್ಕ ಹೋದಾಂವ ವರ್ಷದ ಮ್ಯಾಲೆ ಅಲ್ಲೇ ಉಳಿದೆ, ಗಾಡಿ ಪುಣೆದಾಗ ವಾರ್ಜೆ ಸೊಸೈಟಿ ಪಾರ್ಕಿಂಗ್‌ನ್ಯಾಗ ಕವರ್ ಹೊಚ್ಚಿ ನಿಂತಿತ್ತು, ಇಡೀ ಮಳಿಗಾಲ ಹಂಗ ಕಳೀತು. ವಾಪಸ್ ಬಂದು ನೋಡಿದ್ರ ಬ್ಯಾಟರಿ ಡೌನ್, ಕಿಕ್ ಹೊಡದು ಹೊಡದು ಚೋಕ್ ಎಳದ ಮ್ಯಾಲೆ ಸ್ಟಾರ್ಟ್ ಆತು, ಚೋಕ್ ಬಿಟ್ಟ ಕೂಡ್ಲೆ ಬಂದ್. ಐಡ್ಲಿಂಗ್ (ಥ್ರಾಟಲ್ ಬಿಟ್ಟಾಗ ಇಂಜಿನ್ ನಿಧಾನ ಓಡೋದು) ನಿಲ್ಲಂಗೇ ಇಲ್ಲ, ಥ್ರಾಟಲ್ ಅರ್ಧ ತಿರುವಿದ್ರಷ್ಟ ಓಡ್ತದ, ಬಿಟ್ರ ಸೈಲೆನ್ಸರ್‌ನ್ಯಾಗ ಪಟ್ ಪಟ್ ಅಂತ ಸಿಡೀತದ.

ಇದನ್ನೆಲ್ಲಾ ನಿಮ್ಮ ಸರ್ವಿಸ್ ಸೆಂಟರಿನ್ಯಾಗ ಗಾಡಿ ಬಿಡಬೇಕಾದ್ರನ ಅಲ್ಲಿನ ಅಡ್ವೈಸರ್‌ಗೆ ಹೇಳೀನಿ. ಬಹಳ ದಿವಸ ನಿಂತ ಗಾಡಿ, ಹಳೇ ಪೆಟ್ರೋಲ್ ಅದ, ಕಾರ್ಬೋರೇಟರ್ ಬಿಚ್ಚಿ ತೊಳೀರಿ ಅಂತ ಜಾಬ್ ಕಾರ್ಡ್ ಮ್ಯಾಲೆ ಬರಸೀನಿ. ಗಾಡಿ ವಾಪಸ್ ಕೊಟ್ಟಾಗ ಬಿಲ್ಲಿನ್ಯಾಗ ಹೊಸ ಬ್ಯಾಟರಿ, ಕ್ಲಚ್ ಪ್ಲೇಟ್ 1,180, ಅದರ ಲೇಬರ್ 600, ಕಾರ್ಬೋರೇಟರ್ ಕ್ಲೀನಿಂಗ್ 350 ರೂಪಾಯಿ. ಬ್ಯಾಟರಿ ಸತ್ತಿದ್ದು ಖರೇ, ಅದರ ಬಗ್ಗೆ ನಂದೇನೂ ತಕರಾರಿಲ್ಲ. ಆದ್ರ ಕ್ಲಚ್ ಪ್ಲೇಟ್ ಯಾಕ್ರಿ? ಪಿಕಪ್ ಇಲ್ಲ ಅದಕ್ಕ ಹಾಕೀವಿ ಅಂದ್ರು. ಕ್ಲಚ್ ಸ್ಲಿಪ್ ಆದ್ರ ಇಂಜಿನ್ ಜೋರಾಗಿ ಕೂಗ್ತದ, ಗಾಡಿ ಮುಂದ ಹೋಗಂಗಿಲ್ಲ. ನಂದ್ರಾಗ ಇಂಜಿನ್ನೇ ಕೂಗವಲ್ದು, ಅಂದ್ರ ಅದಕ್ಕ ಪೆಟ್ರೋಲ್ ಸರಿಯಾಗಿ ಸಿಗವಲ್ದು. ಇಷ್ಟು ನೋಡಾಕ ಮಷಿನ್ ಬೇಕಿಲ್ರಿ, ಒಂದ್ ರೌಂಡ್ ಓಡಿಸಿ ನೋಡಿದ್ರ ಸಾಕಿತ್ತು.

ಮರುದಿನ ಕಾತ್ರಜ್ ಹೊಸ ಬೋಗದಾ (ಸುರಂಗ) ಕಡೆಯಿಂದ ನವಲೆ ಬ್ರಿಜ್ ಕಡೆ ಇಳಿಜಾರಿನ್ಯಾಗ ಬರಬೇಕಾದ್ರ ಥ್ರಾಟಲ್ ಬಿಟ್ಟು ಕ್ಲಚ್ ಹಿಡದೆ, ಇಂಜಿನ್ ಬಂದ್ ಆತು. ಆ ಇಳಿಜಾರಿನ್ಯಾಗ ಬ್ರೇಕ್ ಫೇಲ್ ಆದ ಟ್ರಕ್ಕು ಎಷ್ಟು ಜನರ ಜೀವ ತಗೊಂಡಾವ ಅಂತ ಪುಣೆದಾಗ ಎಲ್ಲಾರಿಗೂ ಗೊತ್ತದ. ನನ್ನ ಹಿಂದ ಲೋಡ್ ಟ್ರಕ್ ಹಾರ್ನ್ ಹೊಡೀತಾ ಬರಾಕತ್ತಿತ್ತು, ಹೆಂಗೋ ಗಾಡಿ ಸೈಡಿಗೆ ತಗೊಂಡೆ. ಗಾಡಿ ರೆಡಿ ಅದ ಅಂತ ನೀವ ಸಹಿ ಮಾಡಿ ಕೊಟ್ಟಿದ್ದ ಗಾಡಿ ಇದು.

ಆಮ್ಯಾಲೆ ಮಾಳವಾಡಿ ಕಡೆ ಒಬ್ಬ ವಯಸ್ಸಾದ ಮೆಕ್ಯಾನಿಕ್ ಕಡೆ ಒಯ್ದೆ. ಅವರು ಕಾರ್ಬೋರೇಟರ್ ಇಳಿಸಿ ಮೊದಲು ನನಗ ತೋರಿಸಿದ್ದು ಅದರ ತಳದಾಗ ಪೆಟ್ರೋಲ್ ನಿಲ್ಲೋ ಬೌಲಿನ ಸ್ಕ್ರೂ. ಅದರ ಗೀರಿನ್ಯಾಗ ಮಣ್ಣು ಗಟ್ಟಿಯಾಗಿ ಕೂತಿತ್ತು, ಸ್ಕ್ರೂಡ್ರೈವರ್ ತಾಗಿದ ಗುರುತು ಒಂದೂ ಇಲ್ಲ, ಅಂದ್ರ ನಿಮ್ಮವರು ಬಿಚ್ಚೇ ಇಲ್ಲ. ಬೌಲ್ ತಗದ್ರ ತಳದಾಗ ಜೇನುತುಪ್ಪದಂಗ ಹಳದಿ ಅಂಟು, ನಡುವ ನೀರಿನ ಹನಿ, ವಾಸನಿ ಅಂತೂ ಪೆಟ್ರೋಲಿಂದಲ್ಲ. ಪೈಲಟ್ ಜೆಟ್ ಬಿಚ್ಚಿ ಬೆಳಕಿಗೆ ಹಿಡದು ನೋಡ್ರಿ ಅಂದ್ರು, ತೂತ ಕಾಣಲಿಲ್ಲ, ಪೂರ್ತಿ ಮುಚ್ಚಿತ್ತು. ಐಡ್ಲಿಂಗ್‌ಗೆ ಪೆಟ್ರೋಲ್ ಹೋಗೋದು ಆ ಸಣ್ಣ ತೂತಿನಿಂದನ, ಅದು ಮುಚ್ಚಿದ್ರ ಚೋಕ್ ಗಾಳಿ ಕಡಿಮಿ ಮಾಡಿದಾಗಷ್ಟ ಇಂಜಿನ್ ಉಸಿರು ಹಿಡೀತದ. ಪೆಟ್ರೋಲ್ ಬಹಳ ದಿವಸ ನಿಂತ್ರ ಹಗುರ ಅಂಶ ಎಲ್ಲಾ ಹಾರಿ ಅಂಟು ಉಳೀತದ, ಮತ್ತ ಈಗಿನ ಪೆಟ್ರೋಲಿನ್ಯಾಗ 20 ಪರ್ಸೆಂಟ್ ತನಕ ಎಥೆನಾಲ್ ಇರ್ತದ, ಅದು ಹವಾದಾಗಿನ ನೀರಿನಂಶ ಎಳಕೊಳ್ತದ, ಪುಣೆ ಮಳಿಗಾಲದಾಗ ಕೇಳಬೇಕಾ. ಅವರು ಟ್ಯಾಂಕ್ ಖಾಲಿ ಮಾಡಿ, ಆ ಜೆಟ್ಟನ್ನ ಕ್ಲೀನರ್‌ನ್ಯಾಗ ನೆನಸಿ, ವಾಯರಿನ ಒಂದು ತಾಮ್ರದ ಎಳಿ ತೂರಿಸಿ ತೂತ ಬಿಡಿಸಿದ್ರು, ಹೊಸ ಪೆಟ್ರೋಲ್ ಹಾಕಿ ಗಾಳಿ ಹೊಂದಿಸೋ ಏರ್ ಸ್ಕ್ರೂ ಅಡ್ಜಸ್ಟ್ ಮಾಡಿದ್ರು. ಗಾಡಿ ಬಿಸಿ ಆದ ಮ್ಯಾಲೆ ಚೋಕ್ ಇಲ್ಲದನ ಐಡ್ಲಿಂಗ್ ಗಟ್ಟಿ ನಿಂತದ, ಇವತ್ತಿಗೂ ಹಂಗ ಅದ.

2020ರ ಏಪ್ರಿಲ್‌ನಿಂದ ಬಿಎಸ್-6 ಹೊಗಿ ನಿಯಮ ಬಂದ ಮ್ಯಾಲೆ ನಿಮ್ಮಲ್ಲಿ ಬರೋ ಹೊಸ ಗಾಡಿ ಹೆಚ್ಚುಕಡಿಮಿ ಎಲ್ಲಾ ಕಾರ್ಬೋರೇಟರ್ ಇಲ್ಲದ ಎಫ್‌ಐ (ಫ್ಯೂಯಲ್ ಇಂಜೆಕ್ಷನ್), ಕಾರ್ಬೋರೇಟರ್ ಕೆಲಸ ಗೊತ್ತಿದ್ದ ಕೈ ಕಡಿಮಿ ಆಗಿರಬಹುದು. ಹಂಗಿದ್ರ ನಮ್ಮ ಕಡೆ ಆಗಂಗಿಲ್ಲ ಅಂತ ಹೇಳ್ರಿ, ನಾವು ಬ್ಯಾರೆ ಕಡೆ ಹೋಗ್ತೀವಿ. ಮಾಡದ ಕೆಲಸಕ್ಕ ರೊಕ್ಕ ತಗೊಳ್ಳೋದು ಸುಳ್ಳು ಬಿಲ್ ರೀ, ಇದಕ್ಕ ಬ್ಯಾರೆ ಹೆಸರಿಲ್ಲ.

ನನಗ ಬೇಕಾಗಿದ್ದು: ಕ್ಲೀನಿಂಗ್, ಕ್ಲಚ್ ಪ್ಲೇಟ್ ಮತ್ತ ಲೇಬರ್ ಸೇರಿ 2,130 ರೂಪಾಯಿ ವಾಪಸ್, ತಗದ ಹಳೇ ಕ್ಲಚ್ ಪ್ಲೇಟ್ ನನ್ನ ಕೈಗೆ, ಮತ್ತ ನಿಂತ ಗಾಡಿ ಬಂದ್ರ ಮೊದಲು ಪೆಟ್ರೋಲ್, ಕಾರ್ಬೋರೇಟರ್ ನೋಡ್ರಿ ಅಂತ ಆ ಸೆಂಟರಿಗೆ ಲಿಖಿತ ಸೂಚನಾ. ಜಾಬ್ ಕಾರ್ಡ್, ಬಿಲ್, ಸ್ಕ್ರೂ ಮತ್ತ ಬೌಲಿನ ಫೋಟೋ ಜೋಡಿಸೀನಿ. 15 ದಿವಸದಾಗ ಉತ್ತರ ಬರಲಿಲ್ಲ ಅಂದ್ರ 1915ಕ್ಕ ಫೋನ್ ಹಚ್ಚಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೊಳಗ ದೂರು ದಾಖಲ್ ಮಾಡ್ತೀನಿ.

ಇಂತಿ,
ನಿಮ್ಮ ಗ್ರಾಹಕ
ವಾರ್ಜೆ, ಪುಣೆ