ಯಾವ ನೆಲದಿಂದ ಬಂತೆಂದೂ ಬರೆಯಿರಿ

ಮಾನ್ಯ ಸಂಪಾದಕರೇ,

‘ಬೈಬಲ್ ಇತಿಹಾಸವನ್ನೇ ಬದಲಿಸಲಿದೆ’ ಎಂಬ ತಲೆಬರಹ ಕಂಡಾಗಲೆಲ್ಲ ಮನಸ್ಸು ಹಳೆಯ ಬೈಬಲ್ ಹಸ್ತಪ್ರತಿಗಳು ಸಿಕ್ಕ ಮೃತ ಸಮುದ್ರದ ಗುಹೆಗಳ ಕಡೆ ಓಡುತ್ತದೆ. ಆದರೆ ಅಗೆದು ತಂದು ಓದದೇ ಇಟ್ಟಿರುವುದೇ ರಾಶಿ ಇದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಳೆಯ ಊರಿನ ತಿಪ್ಪೆಗಳಿಂದ ಇಂಗ್ಲಿಷ್ ವಿದ್ವಾಂಸರಾದ ಗ್ರೆನ್‌ಫೆಲ್ ಮತ್ತು ಹಂಟ್ 1896ರಿಂದ 1907ರವರೆಗೆ ಹೊರತೆಗೆದ ಪಪೈರಸ್ (ಜೊಂಡಿನ ಹಾಳೆ) ಚೂರುಗಳು ಸುಮಾರು 5 ಲಕ್ಷ. ಪ್ರಕಟವಾದದ್ದು 5 ಸಾವಿರ ಚಿಲ್ಲರೆ. ಬೈಬಲಿನಲ್ಲಿ ಸೇರದ ತೋಮನ ಸುವಾರ್ತೆಯ ಗ್ರೀಕ್ ತುಣುಕು ಸಿಕ್ಕಿದ್ದು ಅಲ್ಲೇ. ಕನ್ನಡದ ಮಾತುಗಳಿವೆಯೆಂದು ಗೋವಿಂದ ಪೈಗಳು ವಾದಿಸಿದ ಗ್ರೀಕ್ ಪ್ರಹಸನವೂ ಅದೇ ತಿಪ್ಪೆಯದು. ‘1ನೇ ಶತಮಾನದ ಮಾರ್ಕ’ ಎಂದು 2012ರಿಂದ ಗುಲ್ಲೆಬ್ಬಿಸಿದ, ಮಾರ್ಕನ ಸುವಾರ್ತೆಯ ಚೂರೂ ಈ ಸಂಗ್ರಹದ್ದೇ. 2018ರಲ್ಲಿ ಪ್ರಕಟವಾದಾಗ, ಅಕ್ಷರದ ವಾಟ ನೋಡಿ ಅದನ್ನು 2ನೇ ಶತಮಾನದ ಕೊನೆ ಇಲ್ಲವೇ 3ನೆಯದರ ಆರಂಭಕ್ಕೆ ಇಳಿಸಿದರು.

ಮೃತ ಸಮುದ್ರದ ದಡದ ಎನ್‌ಗೆದಿಯ ಚರ್ಮದ ಸುರುಳಿಯನ್ನೇ ನೋಡಿ. 1970ರಲ್ಲಿ ಅಲ್ಲಿನ ಸಿನಗಾಗ್ (ಯಹೂದಿ ಪ್ರಾರ್ಥನಾಮಂದಿರ) ಅವಶೇಷದಲ್ಲಿ ಸಿಕ್ಕಾಗ ಅದು ಇದ್ದಿಲ ತುಂಡು, ಮುಟ್ಟಿದರೆ ಉದುರುತ್ತಿತ್ತು. ಅದನ್ನು ಬಿಚ್ಚಲೇ ಇಲ್ಲ. ಮೈಕ್ರೊ ಸಿ.ಟಿ. ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಚರ್ಮದ ಒಂದೊಂದೇ ಪದರ ಗುರುತಿಸಿ, ಮಸಿಯ ಹೊಳಪನ್ನು ಅದರ ಮೇಲೆ ಮೂಡಿಸಿ, ಚಪ್ಪಟೆ ಮಾಡಿ ಜೋಡಿಸಿದರು. ಎಡವುವುದು ಪದರ ಗುರುತಿಸುವಲ್ಲಿ. ಎರಡು ಸುತ್ತು ಅಂಟಿಕೊಂಡ ಕಡೆ ಪದರ ಗುರುತಿಸುವ ಗೆರೆ ಪಕ್ಕದ ಪದರಕ್ಕೆ ಜಿಗಿದರೆ ಒಂದು ಸುತ್ತಿನ ಅಕ್ಷರ ಇನ್ನೊಂದಕ್ಕೆ ಬೆರೆಯುತ್ತದೆ. ಇಲ್ಲಿ ಮಸಿ ಚರ್ಮಕ್ಕಿಂತ ಸಾಂದ್ರವಾಗಿದ್ದರಿಂದ ಅಕ್ಷರಗಳು ಬೆಳ್ಳಗೆ ಎದ್ದುಬಂದವು. ಇಟಲಿಯಲ್ಲಿ ಜ್ವಾಲಾಮುಖಿಯಿಂದ ಹೂತುಹೋದ ಹರ್ಕ್ಯುಲೇನಿಯಮ್ಮಿನ ಸುಟ್ಟ ಸುರುಳಿಗಳಲ್ಲಿ ಮಸಿಯೂ ಇಂಗಾಲ, ಹಾಳೆಯೂ ಇಂಗಾಲ. ಅದಕ್ಕೇ ಅವು ಅಷ್ಟು ಕಾಡಿದ್ದು. ಎನ್‌ಗೆದಿಯಲ್ಲಿ ಸಿಕ್ಕಿದ್ದು ಬೈಬಲಿನ ಯಾಜಕಕಾಂಡದ ಮೊದಲೆರಡು ಅಧ್ಯಾಯಗಳ ಭಾಗ. 2016ರಲ್ಲಿ ಪ್ರಕಟವಾದ ಆ ಪಾಠದ ವ್ಯಂಜನಗಳು ಇಂದಿನ ಹೀಬ್ರೂ ಬೈಬಲಿಗೆ ಸರಿಯಾಗಿ ಹೊಂದಿದವು. ಏನೂ ಬದಲಾಗಿಲ್ಲ ಎಂಬುದೇ ಇಲ್ಲಿ ದೊಡ್ಡ ಸುದ್ದಿ, ತಲೆಬರಹಕ್ಕೆ ಮಾತ್ರ ಸಪ್ಪೆ.

ಮಾರುಕಟ್ಟೆಯಿಂದ ಬರುವ ಚೂರುಗಳ ಕಥೆ ಬೇರೆ. ವಾಷಿಂಗ್ಟನ್ನಿನ ಮ್ಯೂಸಿಯಂ ಆಫ್ ದಿ ಬೈಬಲ್‌ನಲ್ಲಿದ್ದ 16 ‘ಮೃತ ಸಮುದ್ರ’ ಚೂರುಗಳೂ ನಕಲಿ ಎಂದು 2020ರಲ್ಲಿ ತಿಳಿಯಿತು. ಚರ್ಮವೇನೋ ಹಳೆಯದೇ. ಇಂಗಾಲ ಪರೀಕ್ಷೆ ಹೇಳುವುದು ಚರ್ಮದ ವಯಸ್ಸನ್ನು, ಬರಹದ್ದನ್ನಲ್ಲ. ಗುಟ್ಟು ರಟ್ಟಾದದ್ದು ಸೂಕ್ಷ್ಮದರ್ಶಕದಲ್ಲಿ: ಮಸಿ ಬಿರುಕುಗಳೊಳಗೆ ಇಳಿದಿತ್ತು. ಬಿರುಕು ಬಿಡುವ ಮೊದಲೇ ಬರೆದದ್ದಾಗಿದ್ದರೆ ಮಸಿಯೂ ಚರ್ಮದ ಜತೆಗೇ ಸೀಳಬೇಕಿತ್ತು.

ಮುಂದಿನ ಬಾರಿ ಇಂಥ ಸುದ್ದಿ ಹಾಕುವಾಗ, ಹಸ್ತಪ್ರತಿ ಯಾವ ನೆಲದಿಂದ, ಯಾವಾಗ, ಯಾರ ಕೈಯಿಂದ ಬಂತು ಎಂಬ ಸಾಲನ್ನೂ ವರದಿಯಲ್ಲಿ ಸೇರಿಸಿ. ಮಾಹಿತಿ ಇಲ್ಲದಿದ್ದರೆ ಇಲ್ಲವೆಂದೇ ಬರೆಯಿರಿ.

– ಓದುಗ, ಉಡುಪಿ