ಪದ್ಮಿನಿಯ ಕೀಲಿಕೈಯನ್ನು ಈಗಲೇ ಕೊಡೋಣ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಮ್ಮ ಬೀದಿಯ ಕೊನೆಯ ಮನೆಯ ಮುಂದೆ ಗುಜರಿಯವರ ಟೆಂಪೊ ಬಂದು ನಿಂತಿತು. ಆ ಮನೆಯ ಶೆಡ್ಡಿನಲ್ಲಿದ್ದ 1972ರ ಫಿಯೆಟ್ ಡಿಲೈಟ್ ಕಾರನ್ನು ನಾಲ್ವರು ಸೇರಿ ದಬ್ಬಿದರು. ಚಕ್ರ ತಿರುಗಲಿಲ್ಲ. ಬ್ರೇಕಿನ ಲೈನರ್ ಡ್ರಮ್ಮಿಗೆ ಕಚ್ಚಿಕೊಂಡು ತುಕ್ಕಾಗಿತ್ತು. ಕೊನೆಗೆ ಹಾರೆ ಹಾಕಿ ಎಬ್ಬಿಸಿ, ಹಗ್ಗ ಕಟ್ಟಿ ಎಳೆದರು. ಎಳೆಯುವಾಗ ಬಾಗಿಲ ಕೆಳಗಿನ ತಗಡು ಹಪ್ಪಳದಂತೆ ಮುರಿದು ಅಂಗಳದಲ್ಲೇ ಬಿತ್ತು. ಕಾರಿನ ಯಜಮಾನರು ಅರಣ್ಯ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವರು, ನಮ್ಮ ಕುಟುಂಬಕ್ಕೆ ಹಳೆಯ ಸ್ನೇಹಿತರು. ಅವರು ತೀರಿಕೊಂಡು ಮೂರು ಮಳೆಗಾಲ ಕಳೆದಿತ್ತು. ಮಕ್ಕಳಿಬ್ಬರೂ ಹೊರದೇಶದಲ್ಲಿದ್ದಾರೆ.

ಅದನ್ನು ನೋಡುತ್ತ ನಿಂತಾಗ ನನಗೆ ನೆನಪಾದವನು ಭದ್ರಾವತಿ ಕಡೆಯ ಒಬ್ಬ ಹುಡುಗ. ಐಟಿಐ ಮುಗಿಸಿ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದವನು. ಕಾರಿನ ಯಜಮಾನರು ಬದುಕಿದ್ದಾಗ ಮೂರು ಸಲ ಬಂದು ಆ ಕಾರನ್ನು ಕೇಳಿದ್ದ. ಮೂರನೆಯ ಸಲ ಹಣವನ್ನೂ ಹೊಂದಿಸಿಕೊಂಡು ಬಂದಿದ್ದ. "ನನ್ನ ಕಾಲ ಮುಗಿಯಲಿ, ಆಮೇಲೆ ನೋಡೋಣ" ಎಂದು ಅವರು ಕಳುಹಿಸಿಬಿಟ್ಟರು. ಆ ದಿನ ನಾನೂ ಅಲ್ಲೇ ಕುಳಿತಿದ್ದೆ, ಅವರ ಮಾತಿಗೆ ತಲೆಯಾಡಿಸಿದ್ದೆ. ಅದು ನಾವಿಬ್ಬರೂ ಮಾಡಿದ ದೊಡ್ಡ ತಪ್ಪು. ನನ್ನಂತೆ ಹಳೆಯ ಫಿಯೆಟ್, ಪದ್ಮಿನಿ ಕಾರು ಇಟ್ಟುಕೊಂಡಿರುವ ವಯಸ್ಸಾದವರು ತಮ್ಮ ಪತ್ರಿಕೆಯ ಓದುಗರಲ್ಲಿ ಖಂಡಿತ ಇದ್ದಾರೆ. ಅವರಿಗಾಗಿಯೇ ಈ ಪತ್ರ.

ನನ್ನ ಕಾರು 1981ರ ಪ್ರೀಮಿಯರ್ ಪದ್ಮಿನಿ. ತೀರ್ಥಹಳ್ಳಿಯಲ್ಲಿ ವೈದ್ಯರಾಗಿದ್ದ ನನ್ನ ತಂದೆ ಹಣ ಕಟ್ಟಿ, ವರ್ಷಗಟ್ಟಲೆ ಸರದಿ ಕಾದು ತಂದದ್ದು. ಆಗ ನನಗೆ ಇಪ್ಪತ್ತೇಳು, ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಹೆಂಗಸರು ಕಾರು ಓಡಿಸಿದರೆ ಊರು ನಿಂತು ನೋಡುತ್ತಿದ್ದ ಕಾಲ. ತಂದೆ ಮಾತ್ರ ಪ್ರತಿ ಭಾನುವಾರ ನನ್ನನ್ನು ಚಾಲಕನ ಸೀಟಿನಲ್ಲಿ ಕೂರಿಸಿ ಆಗುಂಬೆ ರಸ್ತೆಗೆ ಕರೆದೊಯ್ಯುತ್ತಿದ್ದರು. ಸ್ಟಿಯರಿಂಗಿನ ಪಕ್ಕದಲ್ಲೇ ಇರುವ ಗೇರಿನ ಕಡ್ಡಿಯನ್ನು ಕಣ್ಣು ರಸ್ತೆಯಿಂದ ತೆಗೆಯದೆ ಹಾಕುವುದನ್ನು ಕಲಿಸಿದರು. ಘಾಟಿಯ ಬುಡದ ಸೋಮೇಶ್ವರದಿಂದ ಮೇಲಕ್ಕೆ ಹದಿನಾಲ್ಕು ಹಿಮ್ಮುರಿ ತಿರುವು. ಬೇಸಿಗೆಯಲ್ಲಿ ಎಂಟನೆಯದೋ ಒಂಬತ್ತನೆಯದೋ ತಿರುವಿಗೆ ಬರುವಷ್ಟರಲ್ಲಿ ಇಂಜಿನ್ ಬಿಸಿಗೆ ಪಂಪಿನೊಳಗಿನ ಪೆಟ್ರೋಲೇ ಆವಿಯಾಗಿ ಕಾರು ಕೆಮ್ಮಿ ನಿಲ್ಲುತ್ತಿತ್ತು. ತಂದೆ ಇಳಿದು ಬಾನೆಟ್ ಎತ್ತಿ, ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಹೊದಿಸಿ, ಕಟ್ಟೆಯ ಮೇಲೆ ಕುಳಿತು ಒಂದು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಅದು ಮುಗಿಯುವಷ್ಟರಲ್ಲಿ ಕಾರು ಹೊರಡಲು ಸಿದ್ಧವಾಗುತ್ತಿತ್ತು. ಆ ಬಟ್ಟೆ ಇಂದಿಗೂ ನನ್ನ ಡಿಕ್ಕಿಯಲ್ಲಿದೆ. ಬಟ್ಟೆ ಬದಲಾಗಿರಬಹುದು, ಜಾಗ ಬದಲಾಗಿಲ್ಲ.

ಪದ್ಮಿನಿಯ ಪರಿಚಯವಿಲ್ಲದ ಕಿರಿಯರಿಗೆ ಎರಡು ಮಾತು. ಇಟಲಿಯ ಫಿಯೆಟ್ 1100 ಮಾದರಿಯ ಈ ಕಾರನ್ನು ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ತಯಾರಿಸುತ್ತಿತ್ತು. ಅರವತ್ತರ ದಶಕದಲ್ಲಿ ಅದರ ಹೆಸರು ಡಿಲೈಟ್. ಎಪ್ಪತ್ತರ ದಶಕದ ನಡುವೆ ಪದ್ಮಿನಿ ಎಂದಾಯಿತು. 1089 ಸಿಸಿಯ ನಾಲ್ಕು ಸಿಲಿಂಡರಿನ ಇಂಜಿನ್ ಮುಂದೆ, ಓಡುವ ಬಲ ಹಿಂದಿನ ಚಕ್ರಕ್ಕೆ. 1983ರ ಕೊನೆಗೆ ಮಾರುತಿ 800 ಬಂದ ಮೇಲೆ ಇದರ ಕಾಲ ಇಳಿಯತೊಡಗಿತು. ಆದರೂ ಹೆಚ್ಚುಕಡಿಮೆ ಶತಮಾನದ ಕೊನೆಯವರೆಗೂ ತಯಾರಾಯಿತು. ನಮ್ಮ ಜಿಲ್ಲೆಯವರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕಾರಣರಾದ ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ದೇಶಕ್ಕೊಂದು ಮೋಟಾರು ಕಾರ್ಖಾನೆ ಬೇಕೆಂದು ಯೋಜನೆ ತಯಾರಿಸಿ, ಅದಕ್ಕಾಗಿ ಯುರೋಪ್, ಅಮೆರಿಕಗಳನ್ನು ಸುತ್ತಿ ಬಂದಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಜೊತೆಗೂಡಿದರು. ಕಾರ್ಖಾನೆಯನ್ನು ಮೈಸೂರು ಸಂಸ್ಥಾನದಲ್ಲೇ ಸ್ಥಾಪಿಸುವ ಪ್ರಯತ್ನವೂ ನಡೆದು, ಬ್ರಿಟಿಷ್ ಸರ್ಕಾರದ ಅಸಮ್ಮತಿಯಿಂದ ಕೈಗೂಡಲಿಲ್ಲ. ಅದೇ ವಾಲ್‌ಚಂದ್ 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಕಂಪನಿಯನ್ನು ಕಟ್ಟಿದರು. ಹಾಗಾಗಿ ಪದ್ಮಿನಿಯನ್ನು ಪೂರ್ತಿ ಹೊರಗಿನದು ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿ 2003ರ ಅಕ್ಟೋಬರ್‌ನಲ್ಲಿ ನೋಂದಣಿಯಾಗಿತ್ತು. ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ 30ರಿಂದ ಅದೂ ರಸ್ತೆಯಿಂದ ಮರೆಯಾಯಿತು. ಅದು ಎಲ್ಲರೂ ನೋಡಿದ ವಿದಾಯ. ಶಿವಮೊಗ್ಗದಂಥ ಊರುಗಳಲ್ಲಿ ಹಾಗಲ್ಲ. ಇಲ್ಲಿ ಒಂದೊಂದು ಮನೆಯ ಶೆಡ್ಡಿನಲ್ಲಿ, ಒಬ್ಬೊಬ್ಬರ ಶ್ರಾದ್ಧದ ಹಿಂದೆಯೇ, ಸದ್ದಿಲ್ಲದೆ ಮುಗಿಯುತ್ತಿದೆ.

2008ರಲ್ಲಿ ಹಳೆಯ ಫಿಯೆಟ್ ಇರುವ ನಾವು ಹನ್ನೊಂದು ಮಂದಿ ತಿಂಗಳಿಗೊಂದು ಭಾನುವಾರ ಕಾಫಿಗೆ ಸೇರುವ ರೂಢಿ ಮಾಡಿಕೊಂಡೆವು. ನಾಲ್ವರು ತೀರಿಕೊಂಡರು. ಇಬ್ಬರಿಗೆ ಕಣ್ಣು ಕಾಣಿಸುವುದಿಲ್ಲ. ಒಬ್ಬರನ್ನು ಮಗ ಬೆಂಗಳೂರಿಗೆ ಕರೆದೊಯ್ದ, ಕಾರು ಇಲ್ಲೇ ಉಳಿಯಿತು. ಉಳಿದ ನಾಲ್ವರಲ್ಲಿ ಎಲ್ಲರಿಗಿಂತ ಚಿಕ್ಕವರಿಗೆ ಅರವತ್ತೊಂದು. ನನ್ನ ಬಲ ಮೊಣಕಾಲು ಕಳೆದ ವರ್ಷದಿಂದ ಬ್ರೇಕನ್ನು ಸರಿಯಾಗಿ ಒತ್ತುವುದಿಲ್ಲ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕಿರುವ ಕಾರದು, ಒತ್ತುವುದಕ್ಕೆ ಕಾಲಿನಲ್ಲಿ ಬಲ ಬೇಕು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎನ್ನುತ್ತಾರಲ್ಲ, ನಾವು ಈಗ ಅಲ್ಲಿಗೆ ಬಂದು ನಿಂತಿದ್ದೇವೆ. ಕಡಲೆಯ ಚೀಲವನ್ನು ಮಾತ್ರ ಬಿಗಿಯಾಗಿ ಅಪ್ಪಿಕೊಂಡಿದ್ದೇವೆ.

ನಮ್ಮ ಕಾರುಗಳ ಮೇಸ್ತ್ರಿಗೂ ವಯಸ್ಸಾಗಿದೆ. ಆಟೊ ಕಾಂಪ್ಲೆಕ್ಸಿನ ಸಣ್ಣ ಗ್ಯಾರೇಜಿನಲ್ಲಿ ಐವತ್ತು ವರ್ಷದಿಂದ ಕೆಲಸ ಮಾಡುತ್ತಿದ್ದಾರೆ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ಟನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, "ಟೀಚರ್, ಟ್ಯಾಂಕಿನಲ್ಲಿ ನೀರು ಸೇರಿದೆ" ಎನ್ನುವವರು. ಈಗ ಅವರ ಕೈ ನಡುಗುತ್ತದೆ. ಮಗ ಪಕ್ಕದಲ್ಲೇ ಗ್ಯಾರೇಜ್ ಇಟ್ಟಿದ್ದಾನೆ, ಒಳ್ಳೆಯ ಕೆಲಸಗಾರ. ಆದರೆ ಅವನ ಕೆಲಸವೆಲ್ಲ ಲ್ಯಾಪ್‌ಟಾಪಿಗೆ ತಂತಿ ಚುಚ್ಚಿದ ಮೇಲೆ. ತಂತಿ ಚುಚ್ಚುವ ಜಾಗವೇ ಇಲ್ಲದ ಕಾರನ್ನು ತಂದೆಯ ಕಡೆಗೆ ತಳ್ಳಿಬಿಡುತ್ತಾನೆ.

ಕಳೆದ ಮೇ ತಿಂಗಳಲ್ಲಿ ನನ್ನ ಕಾರಿನಲ್ಲಿ ಪೆಟ್ರೋಲ್ ವಾಸನೆ ಬಂತು. ಮೇಸ್ತ್ರಿ ಪಂಪಿಗೆ ಹೋಗುವ ರಬ್ಬರ್ ಪೈಪನ್ನು ಎರಡು ಬೆರಳಿನಲ್ಲಿ ಹಿಚುಕಿದರು. ನೆನೆದ ಹುಣಸೆಹಣ್ಣಿನಂತೆ ಮೆತ್ತಗಾಗಿತ್ತು. ಬೆರಳಿಗೆ ಕಪ್ಪು ಮಸಿ ಹತ್ತಿತು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಇರುತ್ತದೆ. ಹಳೆಯ ಕಾಲದ ರಬ್ಬರ್ ಅದನ್ನು ತಡೆಯುವುದಿಲ್ಲ, ಎಥನಾಲ್ ಗಾಳಿಯ ತೇವವನ್ನೂ ಹೀರಿಕೊಂಡು ಟ್ಯಾಂಕಿಗೆ ನೀರು ತರುತ್ತದೆ. ಬಿಸಿ ಇಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಎಥನಾಲ್ ತಡೆಯುವ ಪೈಪು ಹಾಕಿಸಿದೆ, ಪಂಪಿನ ಡಯಾಫ್ರಮ್ ಬದಲಿಸಿದೆ. ಖರ್ಚು ಹೆಚ್ಚೇನೂ ಆಗಲಿಲ್ಲ. ಆದರೆ ಬಂದ್ ಮಾಡಿಟ್ಟ ಕಾರಿನಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಳೆಯ ಕಾರು ಇರುವವರು ದಯವಿಟ್ಟು ಈ ವಾರವೇ ಬಾನೆಟ್ ಎತ್ತಿ ಆ ಪೈಪನ್ನು ಒಮ್ಮೆ ಹಿಚುಕಿ ನೋಡಿ.

ಈಗ ನಮ್ಮ ಎದುರು ಮನೆಯ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಇಪ್ಪತ್ತೊಂದು ವರ್ಷ, ಮೆಕ್ಯಾನಿಕಲ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದಾಳೆ. ಎರಡು ವರ್ಷದ ಹಿಂದೆ ಒಂದು ಸಂಜೆ ನನ್ನ ಕಾರು ಗೇಟಿನಲ್ಲೇ ನಿಂತುಬಿಟ್ಟಿತು. ಅವಳು ಬಂದು "ಆಂಟಿ, ನಾನು ನೋಡಬಹುದೇ?" ಎಂದಳು. ಬೇಡವೆನ್ನಲು ಬಾಯಿ ತೆರೆದಿದ್ದೆ. ಅರಣ್ಯಾಧಿಕಾರಿಗಳ ಅಂಗಳದಲ್ಲಿ ನಿಂತಿದ್ದ ಆ ಹುಡುಗನ ಮುಖ ನೆನಪಾಯಿತು. ಡಿಕ್ಕಿಯಿಂದ ಹತ್ಯಾರಗಳ ಪೆಟ್ಟಿಗೆ ತೆಗೆದುಕೊಟ್ಟೆ.

ಅವಳು ಸ್ಪಾರ್ಕ್ ಪ್ಲಗ್ಗುಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದಳು. ಒಳಗೆ, ಕಿಡಿಗಾಗಿ ವಿದ್ಯುತ್ತನ್ನು ಕಡಿದು ಕೂಡಿಸುವ ಪಾಯಿಂಟ್ ಸುಟ್ಟು ಕರಿಯಾಗಿತ್ತು. ಅದನ್ನು ಪುಸ್ತಕದಲ್ಲಿ ಮಾತ್ರ ಕಂಡಿದ್ದಳು. ನುಣುಪು ಉಜ್ಜುಕಾಗದವನ್ನು ಮಡಿಸಿ ಹೇಗೆ ಎಳೆಯಬೇಕೆಂದು ತೋರಿಸಿದೆ. ಬಳಿಕ ಕಾರನ್ನು ನಾಲ್ಕನೇ ಗೇರಿಗೆ ಹಾಕಿ, ಅವಳ ತಮ್ಮನಿಂದ ಅಂಗುಲ ಅಂಗುಲವಾಗಿ ತಳ್ಳಿಸಿ, ಪಾಯಿಂಟ್ ಪೂರ್ತಿ ಬಾಯಿ ತೆರೆದಲ್ಲಿ ನಿಲ್ಲಿಸಿದೆವು. ಆ ಸಂದಿನಲ್ಲಿ, ಸಂದಿನ ಅಳತೆ ನೋಡುವ ಫೀಲರ್ ಗೇಜಿನ ತೆಳ್ಳನೆಯ ಎಲೆಯನ್ನು ಇಟ್ಟು, ಎಳೆದಾಗ ಬೆರಳಿಗೆ ಸ್ವಲ್ಪವೇ ಹಿಡಿತ ತಾಗುವಂತೆ ಸ್ಕ್ರೂ ಬಿಗಿಯಬೇಕು. ಮೂರು ಸಲ ತಪ್ಪಿತು. ನಾಲ್ಕನೆಯ ಸಲ ಅವಳೇ "ಈಗ ಹಿಡಿಯಿತು" ಎಂದಳು. ಚೋಕ್ ಎಳೆದು ಕೀಲಿ ತಿರುಗಿಸಿದೆ. ಕಾರು ಎದ್ದಿತು. ಅವಳು ಬಾನೆಟ್ಟಿನ ಮೇಲೆ ಎರಡೂ ಅಂಗೈ ಇಟ್ಟು, ಆ ಕಂಪನವನ್ನು ಅನುಭವಿಸುತ್ತ, ಒಂದು ನಿಮಿಷ ಮಾತಿಲ್ಲದೆ ನಿಂತಿದ್ದಳು.

ನಿನಗೆ ಈ ಕಾರಿನಲ್ಲಿ ಏನು ಇಷ್ಟ ಎಂದು ಒಂದು ದಿನ ಕೇಳಿದೆ. ಆಗುಂಬೆ, ನನ್ನ ತಂದೆ, ಎಂಬತ್ತರ ದಶಕದ ಕಥೆಗಳನ್ನೆಲ್ಲ ನಾನು ಆಗಲೇ ಹಲವು ಸಲ ಹೇಳಿದ್ದೆ. ಅವುಗಳಲ್ಲಿ ಯಾವುದನ್ನೂ ಅವಳು ಎತ್ತಲಿಲ್ಲ. "ಇದರಲ್ಲಿ ಏನು ಕೆಟ್ಟರೂ ನನಗೆ ಕಾಣುತ್ತದೆ, ಕಂಡದ್ದನ್ನು ನಾನೇ ಸರಿ ಮಾಡಬಹುದು" ಎಂದಳು. ಆ ದಿನದಿಂದ ನನ್ನ ಯೋಚನೆ ಬದಲಾಗಿದೆ. ನಾವು ಈ ಕಾರನ್ನು ಪ್ರೀತಿಸುವುದು ನಮ್ಮ ಯೌವನ ಅದರಲ್ಲಿದೆ ಎಂದು. ಪದ್ಮಿನಿ ಬೀದಿಯಲ್ಲಿ ಓಡುವುದನ್ನೇ ಕಾಣದ ಮಕ್ಕಳಿಗೆ ಆ ಕಾರಣ ಸಾಲದು. ಅವರನ್ನು ಸೆಳೆಯುವುದು ತೆರೆದರೆ ಅರ್ಥವಾಗುವ ಇಂಜಿನ್, ದುಡಿದು ಕೊಳ್ಳಬಹುದಾದ ಬೆಲೆ. ಎರಡನೆಯದನ್ನು ನಮ್ಮಲ್ಲೇ ಕೆಲವರು ಕೆಡಿಸುತ್ತಿದ್ದಾರೆ. ತುಕ್ಕು ಹಿಡಿದ ಕಾರಿಗೂ "ಅಪರೂಪದ್ದು" ಎಂದು ಹೇಳಿ ಕೇಳಬಾರದ ಬೆಲೆ ಕೇಳುತ್ತಾರೆ. ಆ ಬೆಲೆ ಕೊಡಬಲ್ಲವರು ಅದನ್ನು ಹೋಟೆಲಿನ ಬಾಗಿಲಲ್ಲಿ ಅಲಂಕಾರಕ್ಕೆ ನಿಲ್ಲಿಸುತ್ತಾರೆ.

ಹುಡುಗರು ಕಾರನ್ನು ಬದಲಿಸಿಬಿಡುತ್ತಾರೆ ಎಂಬ ಅಂಜಿಕೆಯೂ ನಮ್ಮಲ್ಲಿದೆ. ಅವಳು ಪಾಯಿಂಟಿನ ಜಾಗದಲ್ಲಿ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕೋಣವೇ ಎಂದು ಕೇಳಿದಾಗ ನನಗೂ ಮನಸ್ಸು ಮುದುಡಿತ್ತು. ಆಮೇಲೆ ಒಪ್ಪಿದೆ. ಹಳೆಯ ಪಾಯಿಂಟು, ಕಂಡೆನ್ಸರನ್ನು ಎಣ್ಣೆ ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿ ಇಟ್ಟಿದ್ದಾಳೆ, ಬೇಕೆಂದಾಗ ಮತ್ತೆ ಹಾಕಬಹುದು. ಓಡುವ ಕಾರಿಗಾಗಿ ಇಷ್ಟು ಬದಲಾವಣೆಯನ್ನು ನಾವು ಒಪ್ಪಲೇಬೇಕು.

ಸರ್ಕಾರಕ್ಕೂ ಒಂದು ಮನವಿ. ಕಳೆದ ಬಾರಿ, 2021ರಲ್ಲಿ, ನನ್ನ ಕಾರಿನ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ, ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದರು. ಪಿಂಚಣಿಯಿರುವ ನಾನು ಕಟ್ಟುತ್ತೇನೆ. ಈಗಷ್ಟೇ ದುಡಿಯತೊಡಗಿದ ಹುಡುಗ ಹೇಗೆ ಕಟ್ಟಬೇಕು? ವರ್ಷಕ್ಕೆ ಒಂದೂವರೆ ಸಾವಿರ ಕಿಲೊಮೀಟರ್ ಓಡುವ ಕಾರನ್ನು ದಿನವೂ ಹೊಗೆಯುಗುಳುತ್ತ ತಿರುಗುವ ಹಳೆಯ ವಾಹನದ ಸಾಲಿನಲ್ಲಿ ನಿಲ್ಲಿಸುವುದು ಸರಿಯಲ್ಲ. ಐವತ್ತು ವರ್ಷ ದಾಟಿದ ಕಾರುಗಳಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸಬಹುದು, ನಿಜ. ಅದನ್ನು ಮಾಡಿಸಿದರೆ ಪ್ರದರ್ಶನ, ರ್‍ಯಾಲಿ, ಇಂಧನ ತುಂಬಿಸುವುದು, ದುರಸ್ತಿಯಂಥ ಕೆಲಸಗಳಿಗೆ ಹೊರತು ದಿನದ ಓಡಾಟಕ್ಕೆ ಕಾರು ತೆಗೆಯುವಂತಿಲ್ಲ. ತರಕಾರಿ ತರುವುದಕ್ಕೆ ಪೇಟೆಗೆ ಹೋಗಬಾರದ ಕಾರಿನಲ್ಲಿ ಕಲಿಯುವುದು ಹೇಗೆ? ಶುಲ್ಕವನ್ನು ವಯಸ್ಸಿನ ಬದಲು ಓಡುವ ದೂರಕ್ಕೂ ಹೊಗೆ ತಪಾಸಣೆಗೂ ಹೊಂದಿಸಲಿ ಎಂಬುದು ನನ್ನ ಕೋರಿಕೆ.

ಐಟಿಐ, ಪಾಲಿಟೆಕ್ನಿಕ್‌ಗಳ ಅಧ್ಯಾಪಕರಿಗೂ ಹೇಳುವುದಿದೆ. ನಮ್ಮಂಥವರ ಕಾರುಗಳು ನಿಮ್ಮ ವರ್ಕ್‌ಶಾಪಿಗೆ ಬರಲು ಸಿದ್ಧವಾಗಿವೆ. ನಮ್ಮ ಮೇಸ್ತ್ರಿಯೂ ಬರುತ್ತಾರೆ, ಕೇಳಿದ್ದೇನೆ. ಅವರ ಕೈಯಲ್ಲಿರುವುದನ್ನು ಕಲಿಯಲು ಉಳಿದಿರುವ ಸಮಯ ಹೆಚ್ಚಿಲ್ಲ.

ನನ್ನ ಮಗನ ಜೊತೆ ಮಾತಾಡಿದೆ. "ಅಮ್ಮ, ನಾನು ಅದನ್ನು ಓಡಿಸುವುದಿಲ್ಲ, ನಿನಗೆ ಸರಿಯೆನಿಸಿದ್ದನ್ನು ಮಾಡು" ಎಂದ. ಎದುರು ಮನೆಯವರು ಸುಮ್ಮನೆ ತೆಗೆದುಕೊಳ್ಳಲು ಒಪ್ಪಲಿಲ್ಲ, ಹುಡುಗಿ ತಾನು ಕೂಡಿಟ್ಟಿದ್ದರಲ್ಲಿ ಹದಿನೆಂಟು ಸಾವಿರ ಕೊಟ್ಟಿದ್ದಾಳೆ. ವರ್ಗಾವಣೆಯ 29 ಮತ್ತು 30ನೇ ನಮೂನೆಗಳಿಗೆ ಮುಂದಿನ ಸೋಮವಾರ ಸಹಿ ಹಾಕುತ್ತೇನೆ. ಅದಕ್ಕೂ ಮೊದಲು ಭಾನುವಾರ ಬೆಳಿಗ್ಗೆ ಆರಕ್ಕೆ ಸೋಮೇಶ್ವರಕ್ಕೆ ಹೊರಡುತ್ತೇವೆ. ಘಾಟಿ ಇಳಿದು, ಮತ್ತೆ ಹತ್ತಿ ಬರಬೇಕು. ಓಡಿಸುವವಳು ಅವಳು. ನಾನು ಪಕ್ಕದಲ್ಲಿ ನೀರಿನ ಬಾಟಲಿ, ಒದ್ದೆ ಬಟ್ಟೆ ಹಿಡಿದು ಕೂರುತ್ತೇನೆ.

ನಿವೃತ್ತ ಶಿಕ್ಷಕಿ
ವಿನೋಬನಗರ, ಶಿವಮೊಗ್ಗ