ಮಾನ್‌ಸ್ಟೈನ್ ಕುರಿತು ಬರೆಯುತ್ತಿರುವ ಕಿರಿಯ ಮಿತ್ರರಿಗೆ

ಪ್ರಿಯರೇ,

ಎರಡನೇ ಮಹಾಯುದ್ಧದ ಜರ್ಮನ್ ಸೇನಾನಿ ಎರಿಕ್ ಫಾನ್ ಮಾನ್‌ಸ್ಟೈನ್ ಬಗ್ಗೆ ನೀವು ಕಳಿಸಿದ ಕರಡನ್ನು ಎರಡು ಸಲ ಓದಿದೆ. 1940ರಲ್ಲಿ ಆರ್ಡೆನ್ ಕಾಡಿನ ಮೂಲಕ ಟ್ಯಾಂಕುಗಳನ್ನು ನುಗ್ಗಿಸಿ ಫ್ರಾನ್ಸನ್ನು ಮಣಿಸಿದ ಯೋಜನೆ, 1942ರಲ್ಲಿ ಸೋವಿಯತ್ ಕ್ರಿಮಿಯಾದ ಬಂದರುನಗರ ಸೆವಾಸ್ತೊಪೊಲ್ ಗೆಲುವಿಗೆ ದೊರೆತ ಫೀಲ್ಡ್ ಮಾರ್ಷಲ್ ಪದವಿ, ಇವನ್ನೆಲ್ಲ ಹದಿನಾಲ್ಕು ಪುಟ ಸೊಗಸಾಗಿ ಬರೆದು, ಯುದ್ಧಾಪರಾಧಗಳಿಗಾಗಿ ಹ್ಯಾಂಬರ್ಗಿನಲ್ಲಿ ನಡೆದ ಅವನ ವಿಚಾರಣೆಗೆ ಕೊನೆಯಲ್ಲೊಂದು ಪ್ಯಾರಾ ಕೊಟ್ಟಿದ್ದೀರಿ. ನನ್ನ ತಕರಾರು ಪುಟಗಳ ಲೆಕ್ಕದ್ದಲ್ಲ; ಸೇನಾನಿ ಒಬ್ಬ, ಅಪರಾಧಿ ಇನ್ನೊಬ್ಬ ಎಂಬಂತೆ ಕಥೆ ಎರಡು ಹೋಳಾಗಿರುವುದರ ಬಗ್ಗೆ.

11ನೇ ಸೇನೆಯ ದಂಡನಾಯಕನಾಗಿ ಕ್ರಿಮಿಯಾದಲ್ಲಿದ್ದಾಗ, 1941ರ ನವೆಂಬರ್ 20ರಂದು, ಆತ ಸಹಿ ಹಾಕಿದ ಆಜ್ಞೆಯನ್ನು ಪೂರ್ತಿ ಓದಿ. ‘ಯಹೂದಿ-ಬೋಲ್ಶೆವಿಕ್ ವ್ಯವಸ್ಥೆ’ಯನ್ನು ಶಾಶ್ವತವಾಗಿ ನಿರ್ನಾಮ ಮಾಡಬೇಕೆಂದು ಹೇಳುವ ಆ ಕಾಗದ, ಶತ್ರುನಗರಗಳ ಬಹಳಷ್ಟು ಜನ ಹಸಿದಿರಬೇಕಾದೀತೆಂದೂ ಅದೇ ತಣ್ಣನೆಯ ಕಚೇರಿ ಭಾಷೆಯಲ್ಲಿ ತಿಳಿಸುತ್ತದೆ. ಮರುತಿಂಗಳೇ ಸಿಂಫೆರೊಪೋಲಿನಲ್ಲಿ ಸಾವಿರಾರು ಯಹೂದಿಗಳನ್ನು ಗುಂಡಿಕ್ಕಿ ಕೊಂದರು. ಕೊಂದದ್ದು ನಾಜಿ ಎಸ್‌ಎಸ್ ಅಧಿಕಾರಿ ಓಲೆನ್‌ಡಾರ್ಫ್‌ನ ಹತ್ಯಾಪಡೆ, ಲಾರಿಗಳನ್ನೂ ಆಳುಗಳನ್ನೂ ಒದಗಿಸಿದ್ದು ಸೇನೆ. ನಿಮ್ಮ ಕರಡಿನಲ್ಲಿ ‘ಹತ್ಯೆಗಳು ನಡೆದವು’ ಎಂದಷ್ಟೇ ಇದೆ. ನಡೆಸಿದವರು ಯಾರೆಂಬುದು ವಾಕ್ಯದೊಳಗೇ ಬರಬೇಕು.

1946ರ ಆಗಸ್ಟಿನಲ್ಲಿ ನ್ಯೂರೆಂಬರ್ಗಿನಲ್ಲಿ ನಾಜಿ ನಾಯಕರ ವಿಚಾರಣೆಗೆ ಸಾಕ್ಷಿಯಾಗಿ ಮಾನ್‌ಸ್ಟೈನ್ ಬಂದಾಗ ಇದೇ ಕಾಗದವನ್ನು ಅವನ ಮುಂದಿಟ್ಟರು. ಸಹಿ ನೋಡಿದರೆ ತನ್ನದೇ ಇರಬೇಕೆಂದ. ಆಜ್ಞೆ ಮಾತ್ರ ನೆನಪಿಗೆ ಬರುತ್ತಿಲ್ಲವೆಂದ. ಮುಂದೆ 1955ರಲ್ಲಿ ಪ್ರಕಟಿಸಿದ ಯುದ್ಧಸ್ಮರಣೆಯಲ್ಲಿ ಯಾವ ಡಿವಿಷನ್ ಯಾವತ್ತು ಎಲ್ಲಿಗೆ ಸರಿಯಿತೆಂದು ನೂರಾರು ಪುಟ ಬರೆದವನು ಇದೇ ಮನುಷ್ಯ! ನಿಮ್ಮ ಹದಿನಾಲ್ಕು ಪುಟಗಳಿಗೆ ಮುಖ್ಯ ಆಧಾರ ಆ ಪುಸ್ತಕವೇ ಎಂಬುದು ನನ್ನ ಗುಮಾನಿ.

ತೀರ್ಪನ್ನು ಹಿಗ್ಗಿಸಲೂ ಬೇಡಿ. ಹ್ಯಾಂಬರ್ಗಿನ ಬ್ರಿಟಿಷ್ ಸೇನಾ ನ್ಯಾಯಾಲಯ 1949ರ ಡಿಸೆಂಬರಿನಲ್ಲಿ 17 ಆರೋಪಗಳ ಪೈಕಿ 9ರಲ್ಲಿ ಅವನನ್ನು ತಪ್ಪಿತಸ್ಥನೆಂದಿತು. ಯುದ್ಧಕೈದಿಗಳ ರಕ್ಷಣೆಯಲ್ಲಿನ ಲೋಪ, ಹಿಮ್ಮೆಟ್ಟುವಾಗ ಊರುಗಳನ್ನು ಹಾಳುಗೆಡವಿದ್ದು ಅವುಗಳಲ್ಲಿದ್ದವು. ಯಹೂದಿಗಳ ಹತ್ಯೆಗೆ ಸಂಬಂಧಿಸಿದ ಅತಿ ಗಂಭೀರ ಆರೋಪಗಳಲ್ಲಿ ಖುಲಾಸೆಯಾಯಿತು. ಇದನ್ನು ಹೇಳದೆ ಬಿಟ್ಟರೆ ನಾವೂ ಅವನಂತೆಯೇ ಬೇಕಾದ್ದನ್ನಷ್ಟೇ ನೆನಪಿಟ್ಟುಕೊಂಡಂತೆ. 18 ವರ್ಷಗಳ ಶಿಕ್ಷೆ 12ಕ್ಕಿಳಿದು, 1953ರ ಮೇ ತಿಂಗಳಲ್ಲಿ ಬಿಡುಗಡೆಯೂ ಆಯಿತು. ಅವನ ಪರ ವಕಾಲತ್ತಿನ ನಿಧಿಗೆ ಚರ್ಚಿಲ್ ಕೂಡ ಹಣ ಕೊಟ್ಟಿದ್ದರು. ಆ ಸಂಗತಿಗೆ ಒಂದು ಪುಟವಾದರೂ ಮೀಸಲಿಡಿ.

ಮುಂದಿನ ಕರಡಿನಲ್ಲಿ ನವೆಂಬರಿನ ಆಜ್ಞೆ ಸೆವಾಸ್ತೊಪೊಲ್ ಗೆಲುವಿಗಿಂತ ಮೊದಲು ಬರಲಿ. ಕಾಲಕ್ರಮದಲ್ಲಿ ಅದು ಇರುವುದೇ ಅಲ್ಲಿ.